ರಾಜಕೀಯ ಇಸ್ಲಾಂ: ಈಜಿಪ್ಟಿನಿಂದ ಕತಾರಿನವರೆಗೆ



ರಾಜಕೀಯ ಇಸ್ಲಾಂ ಎಂದೊಡನೆ ಅದೊಂದು ಅಖಂಡ ಶಕ್ತಿಯೆಂದು ನಾವು ಭಾವಿಸುವುದುಂಟು. ಈಜಿಪ್ಟಿನ ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯ ಚರಿತ್ರೆಯನ್ನು ಅವಲೋಕಿಸಿದರೆ ಈ ಭಾವನೆ ನಿಲ್ಲಲಾರದು.

1928ರಲ್ಲಿ ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾದಲ್ಲಿ ಹಸನ್ ಅಲ್ ಬನ್ನಾ ಎಂಬ ಶಾಲಾ ಉಪಾಧ್ಯಾಯರು ಇದನ್ನು ಸ್ಥಾಪಿಸಿದರು. ಧರ್ಮಶ್ರದ್ಧೆ, ಸಮಾಜಸೇವೆ, ಬ್ರಿಟಿಷರ ಪ್ರಾಬಲ್ಯದ ವಿರೋಧ ಈ ಮೂರೂ ಅದರಲ್ಲಿ ಬೆರೆತಿದ್ದವು. 1954ರಲ್ಲಿ ನಾಸೆರ್ ಅವರ ಹತ್ಯೆಯ ಯತ್ನದ ಬಳಿಕ ಸರ್ಕಾರ ಅದನ್ನು ಹತ್ತಿಕ್ಕಿತು. ಅನೇಕ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿ ಆಶ್ರಯ ಪಡೆದು ಶಿಕ್ಷಕರಾದರು. ನಾಸೆರರ ಅರಬ್ ಸಮಾಜವಾದಕ್ಕೆ ಅಂಜಿದ್ದ ಸೌದಿ ಅರಸೊತ್ತಿಗೆಗೆ ಅಂದು ಅವರು ಬೇಕಾದವರಾಗಿದ್ದರು.

2012ರಲ್ಲಿ ಬ್ರದರ್‌ಹುಡ್‌ನ ಮೊಹಮದ್ ಮೊರ್ಸಿ ಸುಮಾರು ಶೇ. 52ರಷ್ಟು ಮತ ಗಳಿಸಿ ಈಜಿಪ್ಟಿನ ಅಧ್ಯಕ್ಷರಾದರು. ಅದೇ ನವೆಂಬರಿನಲ್ಲಿ, ತಮ್ಮ ಆದೇಶಗಳನ್ನು ನ್ಯಾಯಾಲಯಗಳು ಪ್ರಶ್ನಿಸಲಾಗದೆಂದು ಘೋಷಿಸಿ ಹಲವರ ವಿಶ್ವಾಸ ಕಳೆದುಕೊಂಡರು. 2013ರ ಜುಲೈ 3ರಂದು ಸೈನ್ಯ ಅವರನ್ನು ಪದಚ್ಯುತಗೊಳಿಸಿತು. ಆಗಸ್ಟ್‌ನಲ್ಲಿ ಕೈರೋದ ರಬಾ ಚೌಕದಲ್ಲಿ ಅವರ ನೂರಾರು ಬೆಂಬಲಿಗರು ಹತರಾದರು. ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಹೊಸ ಆಳ್ವಿಕೆಗೆ ಬೆಂಬಲವಾಗಿ ನಿಂತವು. ಕತಾರ್ ಮತ್ತು ಟರ್ಕಿಗಳ ಒಲವು ಬ್ರದರ್‌ಹುಡ್ ಕಡೆಗಿತ್ತು. ಎಲ್ಲವೂ ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರಗಳೇ. ಕಲಹವಿದ್ದುದು ದೇವರ ವಿಷಯದಲ್ಲಲ್ಲ, ಅಧಿಕಾರದ ವಿಷಯದಲ್ಲಿ. ಮತಪೆಟ್ಟಿಗೆಯ ಮೂಲಕ ಬರುವ ಧಾರ್ಮಿಕ ಪಕ್ಷ ನಾಳೆ ತಮ್ಮ ಸಿಂಹಾಸನವನ್ನೂ ಅಲುಗಿಸೀತೆಂಬ ಭಯ ಅರಸರಿಗಿತ್ತು.

ಆ ಕಲಹ ನಮ್ಮವರ ಮನೆಬಾಗಿಲಿಗೂ ಬಂದಿತು. 2017ರ ಜೂನ್ 5ರಂದು ಸೌದಿ, ಎಮಿರೇಟ್ಸ್, ಬಹರೇನ್, ಈಜಿಪ್ಟ್ ದೇಶಗಳು ಕತಾರಿನೊಡನೆ ಸಂಬಂಧ ಕಡಿದುಕೊಂಡವು. ಬ್ರದರ್‌ಹುಡ್‌ನ ನಂಟು ತೊರೆಯಬೇಕೆಂಬುದು ಅವುಗಳ 13 ಬೇಡಿಕೆಗಳಲ್ಲೊಂದು. ಕತಾರಿನ ಏಕೈಕ ಭೂಗಡಿ ಮುಚ್ಚಿತು. ದೋಹಾದಲ್ಲಿದ್ದ ಅಣ್ಣ ದುಬೈಯಲ್ಲಿದ್ದ ತಂಗಿಯನ್ನು ಕಾಣಲು ಮಸ್ಕತ್ ಅಥವಾ ಕುವೈತ್ ಬಳಸಿ ಹೋಗಬೇಕಾಯಿತು. ಭಟ್ಕಳದ ಮುಸಲ್ಮಾನರಾಗಲಿ, ಉಡುಪಿಯ ಹಿಂದೂಗಳಾಗಲಿ, ಮಂಗಳೂರಿನ ಕ್ರೈಸ್ತರಾಗಲಿ, ಎಲ್ಲರಿಗೂ ಒಂದೇ ಸಂಕಟ. 2021ರ ಜನವರಿಯ ಅಲ್ ಉಲಾ ಒಪ್ಪಂದದಿಂದ ಅದು ಕೊನೆಗೊಂಡಿತು.

ಧರ್ಮವನ್ನು ನಂಬುವುದು ಬೇರೆ, ಧರ್ಮದ ಹೆಸರಿನಲ್ಲಿ ಅಧಿಕಾರವನ್ನು ಅರಸುವುದು ಬೇರೆ. ಈ ವಿವೇಚನೆಯಿಲ್ಲದೆ ನೆರೆಮನೆಯ ಮುಸಲ್ಮಾನರನ್ನು ಯಾವುದೋ ಪಕ್ಷದ ಪ್ರತಿನಿಧಿಗಳೆಂದು ಕಂಡರೆ ಅದು ಅನ್ಯಾಯ. ಮತದಿಂದ ಬಂದವರು ನ್ಯಾಯವನ್ನು ಮೀರಬಾರದು. ಅವರನ್ನು ಬಂದೂಕಿನಿಂದ ಇಳಿಸುವುದೂ ಸಲ್ಲದು. ಪರದೇಶದಲ್ಲಿ ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ನಾವು ಈ ಮಾತನ್ನು ಮೊದಲು ನಮ್ಮ ಮನೆಗಳಲ್ಲಿ, ನಮ್ಮ ಮಕ್ಕಳೊಡನೆ ಆಡಬೇಕಾಗಿದೆ.