ಮಂಗ ಸತ್ತರೆ ಯಾರಿಗೆ ಹೇಳಬೇಕು?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಖನಿಜ ಮಿಶ್ರಣದ ವಿಷಯ ಪ್ರತಿ ಸಲ ಇದ್ದದ್ದೇ. ಇವತ್ತು ಮಂಗನ ಕಾಯಿಲೆಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ಹಿಂದೊಂದು ಜನವರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ನನ್ನ ಜೊತೆ ಹಳ್ಳಿ ಸುತ್ತಲು ಬಂದಿದ್ದಳು. ಸಾಂಕ್ರಾಮಿಕ ರೋಗಗಳ ವರದಿ ಸರ್ಕಾರಕ್ಕೆ ಹೇಗೆ ತಲುಪುತ್ತದೆ ಎಂಬುದು ಅವಳ ಪಾಠ. ಮೂರು ನಮೂನೆ ಬಾಯಿಪಾಠ ಮಾಡಿದ್ದಳು: ಲಕ್ಷಣ ಕಂಡಾಗ ಆರೋಗ್ಯ ಕಾರ್ಯಕರ್ತೆ ತುಂಬುವ ‘ಎಸ್’, ವೈದ್ಯರಿಗೆ ಸಂಶಯ ಬಂದಾಗ ‘ಪಿ’, ಪ್ರಯೋಗಾಲಯದ್ದು ‘ಎಲ್’. 2004ರಲ್ಲಿ ಶುರುವಾದ ಈ ಪದ್ಧತಿ ಈಗ ಕಂಪ್ಯೂಟರಿಗೆ ಹೋಗಿದೆ.

ಸಂಜೆ ಡೇರಿಯ ಮುಂದೆ ನಿಂತಿದ್ದೆವು. ಹಾಲು ಹಾಕುವ ಸಾಲಿನಲ್ಲಿದ್ದ ಅಮ್ಮ ಒಬ್ಬರು, ತೋಟದ ಹಿಂದೆ ಮಂಗ ಸತ್ತು ವಾರವಾಯಿತು, ವಾಸನೆ ತಡೆಯಲಾಗುತ್ತಿಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದರು.

“ಯಾರಿಗೆ ಹೇಳಿದಿರಿ ಅಮ್ಮಾ?” ಎಂದಳು ಹುಡುಗಿ.

“ಯಾರಿಗೆ ಅಂತ ಹೇಳಾದು ಮಗಾ? ಹೇಳಿ, ನಿಮ್ಮನೆ ಹಾಲು ಬೇಡ ಅಂದ್ರೆ?”

ಹೋಗಿ ನೋಡಿದೆವು. ಪೂರ್ತಿ ಕೊಳೆತಿತ್ತು, ಪರೀಕ್ಷೆಗೆ ಕಳಿಸಲು ಏನೂ ಉಳಿದಿರಲಿಲ್ಲ. ಬರುವಾಗ ಹುಡುಗಿ, “ಸರ್, ನನ್ನ ಮೂರು ನಮೂನೆಯೂ ಮನುಷ್ಯನಿಗೆ ಜ್ವರ ಬಂದಮೇಲೇ ಶುರುವಾಗುವುದು. ಆ ಅಮ್ಮನಿಗೆ ವಾರದ ಮುಂಚೆಯೇ ಗೊತ್ತಿತ್ತಲ್ಲ!” ಎಂದಳು.

ಪುಸ್ತಕದ ಹುಡುಗಿ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದಾಗಲೂ ಸುಳಿವು ಸಿಕ್ಕಿದ್ದು ಸತ್ತ ಮಂಗಗಳಿಂದಲೇ. ಮಂಗ ಸತ್ತಮೇಲೆ ಅದರ ಮೈಮೇಲಿನ ಸೋಂಕಿನ ಉಣುಗು ಸುತ್ತಲಿನ ದರಗಿಗೆ ಇಳಿಯುತ್ತದೆ. ಕೊಟ್ಟಿಗೆಗೆಂದು ಸೊಪ್ಪು, ದರಗು ತರಲು ಹೋದವರಿಗೆ ಕಚ್ಚುತ್ತದೆ. 3ರಿಂದ 8 ದಿನಕ್ಕೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಇದಕ್ಕೆಂದೇ ಗುಣಪಡಿಸುವ ಔಷಧವಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳು ನಿಮಗೆ ನೆನಪಿರಬೇಕು.

ಸುದ್ದಿ ಅದೇ ದಿನ ಬಂದರೆ ಮಂಗದ ಮಾದರಿ ತೆಗೆಯಬಹುದು, ಕಳೇಬರ ಸುಡಬಹುದು, ಸುತ್ತಲೂ ಉಣುಗಿನ ಔಷಧ ಹಾಕಬಹುದು, ಊರವರಿಗೆ ಮೈಗೆ ಹಚ್ಚುವ ಡೀಪಾ ತೈಲ ಕೊಡಬಹುದು. ವಾರ ಕಳೆದರೆ ಮೂಗು ಮುಚ್ಚಿಕೊಂಡು ನಿಲ್ಲಬೇಕು, ನಾವಿಬ್ಬರೂ ನಿಂತ ಹಾಗೆ.

ನಮ್ಮ ರಾಸುಗಳಿಗೆ ಈ ಕಾಯಿಲೆ ಬಾಧಿಸುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಹೀರಿ ಉಣುಗು ಬೆಳೆಯುತ್ತದೆ, ಸಾವಿರಾರು ಮೊಟ್ಟೆಯಿಡುತ್ತದೆ. ಉಣುಗಿಗೆ ಔಷಧ ಹಾಕಿಸಿ. ಹಾಲು ಕರೆಯುವ ರಾಸಿಗೆ ಮಾತ್ರ ಅಂಗಡಿಯಿಂದ ಯಾವುದೋ ಚುಚ್ಚುಮದ್ದು ತಂದು ಕೊಡಿಸಬೇಡಿ, ನಮ್ಮನ್ನು ಕೇಳಿ. ಹಾಲಿನಿಂದ ಮಂಗನ ಕಾಯಿಲೆ ಹರಡಿದ್ದಕ್ಕೆ ಪುರಾವೆಯಿಲ್ಲ. ಮಂಗ ಸತ್ತಿದೆ ಎಂದು ತಿಳಿಸಿದವರ ಹಾಲು ಬೇಡವೆನ್ನಲು ಕಾರಣವೇ ಇಲ್ಲ. ಕಾರ್ಯದರ್ಶಿಗಳು ಇಲ್ಲೇ ಕುಳಿತಿದ್ದಾರೆ, ಅವರೂ ಕೇಳಿಸಿಕೊಳ್ಳಲಿ.

ಹನುಮಂತನೆಂದು ಕುಂಕುಮವಿಟ್ಟು ಮಣ್ಣು ಮಾಡುವವರಿದ್ದೀರಿ. ಭಕ್ತಿ ಇರಲಿ, ಆದರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಆಶಾ ಕಾರ್ಯಕರ್ತೆಗೋ, ಆರೋಗ್ಯ ಕೇಂದ್ರಕ್ಕೋ, ಪಶು ಆಸ್ಪತ್ರೆಗೋ, ಅರಣ್ಯದ ಗಾರ್ಡಿಗೋ ಅಂದೇ ಹೇಳಿಕಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಆ ಅಮ್ಮನ ಮನೆಯಲ್ಲಿ ಆ ವರ್ಷ ಯಾರಿಗೂ ಜ್ವರ ಬರಲಿಲ್ಲ. ಆ ಮಂಗ ಯಾವುದರಿಂದ ಸತ್ತಿತೆಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.