ಹೊನ್ನು ಹೋದ ಮೇಲಿನ ಮಣ್ಣು



ರಾಷ್ಟ್ರಧ್ವಜದ ಖಾದಿಯನ್ನು ನೂತು ನೇಯ್ದು ಕೀರ್ತಿ ಪಡೆದ ಈ ಗರಗದಲ್ಲಿ ನಿಂತು ಬಹುದೂರದ ಕೋಲಾರದ ಚಿನ್ನದ ಗಣಿಯ ಮಾತೆತ್ತುವುದಕ್ಕೆ ಕಾರಣವುಂಟು. ಒಂದೇ ಉದ್ಯೋಗವನ್ನು ನೆಚ್ಚಿದ ಸಂಸಾರಗಳ ಆತಂಕವನ್ನು ನಿಮಗೆ ವಿವರಿಸಬೇಕಾಗಿಲ್ಲ. ಮೇಲಾಗಿ, ನೆರೆಯ ಗದಗ ಸೀಮೆಯ ಕಪ್ಪತಗುಡ್ಡದ ಒಡಲಿನಲ್ಲಿಯೂ ಹೊನ್ನಿರುವುದರಿಂದ, ಕೋಲಾರದ ಅನುಭವ ನಮಗೂ ಸಂಬಂಧಿಸಿದ್ದೇ ಆಗಿದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಸಂಸ್ಥೆ ಕಾಲಿರಿಸಿದಂದಿನಿಂದ, 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಕಂಪನಿ ಬಾಗಿಲು ಮುಚ್ಚುವವರೆಗೆ, ಅಲ್ಲಿಯ ಗಣಿಗಳು ನೆಲದಡಿಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು ಸುಮಾರು 800 ಟನ್ನು ಬಂಗಾರವನ್ನು ಮೇಲಕ್ಕೆ ತಂದುವು. ಆ ಗಣಿಗಳ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದುಬಂದಿತು. ಬಂಗಾರವು ಲಂಡನ್ನಿಗೂ ತರುವಾಯ ಸರಕಾರದ ಬೊಕ್ಕಸಕ್ಕೂ ಸಂದಿತು. ಅದನ್ನು ಕಳೆದುಳಿದ ಮಣ್ಣು ಮಾತ್ರ ಊರಿಗೆ ಸಂದಿತು.

ಆ ಮಣ್ಣಿನ ರಾಶಿಗಳಿಗೆ ಅಲ್ಲಿಯ ಜನ ಸಯನೈಡ್ ದಿಬ್ಬ ಎನ್ನುತ್ತಾರೆ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ಬೆರೆತ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಹೊರಚೆಲ್ಲಿದ ಈ ರಾಶಿಗಳು ಹದಿಮೂರಿದ್ದು, ಸಾವಿರ ಎಕರೆಯಷ್ಟು ನೆಲವನ್ನು ಆಕ್ರಮಿಸಿ, ಮೂರು ಕೋಟಿ ಟನ್ನಿಗೂ ಮಿಕ್ಕ ತೂಕದಿಂದ ನಿಂತಿವೆ. ಮಳೆ ಬಿದ್ದಾಗಲೆಲ್ಲ ಅವುಗಳ ಮೈ ಕೊರಕಲು ಕೊರಕಲಾಗಿ ಸೀಳಿ, ಬೂದುಬಣ್ಣದ ಕೆಸರು ಚರಂಡಿಗಿಳಿಯುತ್ತದೆ. ಬೇಸಿಗೆಯ ಗಾಳಿಗೆ ಅದೇ ನುಣುಪು ಧೂಳು ಎದ್ದು, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದಿಟ್ಟ ಕೊಡದ ನೀರಿನ ಮೇಲೆ, ಮಲಗಿದ ಕೂಸಿನ ಹಾಸಿಗೆಯ ಮೇಲೆ ಕೂರುತ್ತದೆ.

ಸಯನೈಡ್ ಎಂಬ ಹೆಸರು ಭಯಂಕರವಾದುದೇನೋ ನಿಜ. ಆದರೆ ಬಿಸಿಲು ಗಾಳಿಗಳಿಗೆ ತೆರೆದಿಟ್ಟಲ್ಲಿ ಅದು ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಘಟಿಸಿಹೋಗುವ ವಸ್ತು. ಹೆಚ್ಚಿನ ಚಿಂತೆಗೆ ಕಾರಣವಾಗುವುದು ಅದಿರಿನೊಡನೆ ಮೇಲೆ ಬಂದ ಗಂಧಕಯುಕ್ತ ಖನಿಜಗಳು: ಗಾಳಿ ಮಳೆಗಳ ಸಂಪರ್ಕದಿಂದ ಅವು ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲವು ಆರ್ಸೆನಿಕ್ ಮೊದಲಾದ ವಿಷಧಾತುಗಳನ್ನು ಸಡಿಲಿಸುತ್ತದೆ, ಅವು ಎಷ್ಟು ವರುಷಗಳು ಕಳೆದರೂ ನಶಿಸುವುದಿಲ್ಲ. ಆದುದರಿಂದ ಇಂತಹ ನೆಲವನ್ನು ಕಣ್ಣಳತೆಯಿಂದ ಒಳ್ಳೆಯದು ಕೆಟ್ಟದ್ದು ಎಂದು ತೀರ್ಮಾನಿಸತಕ್ಕದ್ದಲ್ಲ. ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿಯೂ ಮೇಲುಮಣ್ಣನ್ನೂ ಆಳದ ಮಣ್ಣನ್ನೂ ಬೇರೆಬೇರೆಯಾಗಿ ತೆಗೆದು, ಬಾವಿ ಕೆರೆಗಳ ನೀರನ್ನು ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಪರೀಕ್ಷಿಸಿದಾಗಲೇ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಾರ್ಖಾನೆಯ ಉಗ್ರಾಣವಷ್ಟೆ ಸಲ್ಲುವುದು, ಎಲ್ಲಿ ಸೊಪ್ಪು ತರಕಾರಿಯನ್ನು ಬೆಳೆಯಲೇಕೂಡದು ಎಂಬುದು ತಿಳಿಯುತ್ತದೆ. ಕೆಳಗೆ ಪೊಳ್ಳಾಗಿರುವ ನೆಲ ಕಟ್ಟಡದ ಭಾರವನ್ನು ತಾಳುವುದೇ ಎಂಬುದು ಅಲ್ಲಿ ಕೇಳಲೇಬೇಕಾದ ಮತ್ತೊಂದು ಪ್ರಶ್ನೆ.

2024ರಲ್ಲಿ ಆ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ ಸಮ್ಮತಿ ಕೊಟ್ಟಿತು. ನಾನು ಇದನ್ನು ವಿರೋಧಿಸುವವನಲ್ಲ. ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆಯಾಗಿ ಅಡಗಿರುವ ಆ ಬಂಗಾರವೇ ನೆಲದ ಶುದ್ಧಿಗೆ ಹಣ ಒದಗಿಸುವುದಾದರೆ ಅದಕ್ಕಿಂತ ನ್ಯಾಯವಾದ ವಿನಿಯೋಗ ಇನ್ನಾವುದು? ಆದರೆ ಚಿನ್ನ ಸೋಸಿಕೊಂಡ ಮೇಲೂ ಮಣ್ಣಿನ ರಾಶಿ ಬಹುತೇಕ ಅಷ್ಟೇ ಉಳಿಯುವುದು. ಅದನ್ನು ಎಲ್ಲಿ ಇಡುವರು, ಇಟ್ಟಲ್ಲಿ ತಳಕ್ಕೆ ಜಿನುಗದಂತೆ ಏನು ಹಾಸುವರು, ಮೇಲೆ ಜೇಡಿಯನ್ನೂ ಫಲವತ್ತಾದ ಮಣ್ಣನ್ನೂ ಹೊದಿಸಿ ಹುಲ್ಲು ಹಿಡಿಸುವ ಹೊಣೆ ಯಾರದು ಎಂಬುದನ್ನು ಮೊದಲ ಬುಟ್ಟಿ ಮಣ್ಣೆತ್ತುವುದಕ್ಕೆ ಮುನ್ನವೇ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು.

ಈ ಎಲ್ಲದರ ನಡುವೆ ಇರುವ ಜನ ಯಾರು? ಉತ್ತರ ಆರ್ಕಾಟು ಮೊದಲಾದ ಸೀಮೆಗಳಿಂದ ಬಂದು, ಕಂಪನಿ ಕಟ್ಟಿಸಿದ ಇಕ್ಕಟ್ಟಿನ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ, ಬಹುಪಾಲು ದಲಿತ ಕುಟುಂಬಗಳು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆಗೆ ಮರಳುತ್ತಾರೆ. ಪಾಳುಬಿದ್ದ ಗಣಿಭೂಮಿಯಲ್ಲಿ ಕೈಗಾರಿಕಾ ವಸಾಹತು ಬರಲೆಂಬ ಆಲೋಚನೆ ಸ್ವಾಗತಾರ್ಹವೇ. ಆದರೆ ಅಲ್ಲಿಯ ಕೆಲಸ ಮೊದಲು ಇವರಿಗೆ ದೊರೆಯದಿದ್ದರೆ, ಮಣ್ಣು ನೀರುಗಳ ಪರೀಕ್ಷಾಫಲ ಇವರಿಗೆ ಓದಲು ಬರುವ ತಮಿಳು ಕನ್ನಡ ತೆಲುಗುಗಳಲ್ಲಿ ಇವರ ಕೈಗೆ ಸೇರದಿದ್ದರೆ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾದ ಮುದುಕರ ತಪಾಸಣೆಯನ್ನೂ ಆ ಯೋಜನೆಯ ಖರ್ಚಿನಲ್ಲಿಯೇ ಲೆಕ್ಕ ಹಿಡಿಯದಿದ್ದರೆ, ಅದನ್ನು ಪುನರುದ್ಧಾರವೆನ್ನಲು ನನಗೆ ಮನಸ್ಸೊಪ್ಪದು.

ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಠೇವಣಿಯನ್ನೂ ಮೊದಲೇ ಒಪ್ಪಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2003ರಲ್ಲಿ, ಕೋಲಾರದ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ. ಕಪ್ಪತಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮದ ರಕ್ಷಣೆ ದೊರೆತಿದ್ದರೂ ಅದರ ಆಸುಪಾಸಿನ ಹೊನ್ನಿನ ಮೇಲಿನ ಆಸೆ ಅಡಗಿಲ್ಲ. ಆದುದರಿಂದ ಈ ಸಭೆಯಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಕೈಯಳತೆಯಲ್ಲಿಯೇ ಇದೆ. ಆ ಗುಡ್ಡದ ಸೆರಗಿನ ಹಳ್ಳಿಗಳ ಬಾವಿಯ ನೀರನ್ನೂ ಹೊಲದ ಮಣ್ಣನ್ನೂ, ಯಾವ ಕಂಪನಿಯೂ ಬರುವ ಮೊದಲು, ಇದೇ ವರ್ಷ ಪರೀಕ್ಷಿಸಿ ಬರೆದಿಡುವ ಏರ್ಪಾಡನ್ನು ನೀವು ಕೈಗೊಳ್ಳಬೇಕು. ಆ ದಾಖಲೆಯ ಒಂದು ಪ್ರತಿ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಇರಲಿ.