ಮಳೆಗೆ ಗಡಿ ಇಲ್ಲ, ಎಚ್ಚರಿಕೆಗೆ ಮಾತ್ರ ಯಾಕೆ?
(ಗಡಿನಾಡ ಕನ್ನಡ ಯುವಜನರ ಸೇರಿಕೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬಂದ ತಮ್ಮಂದಿರೇ, ತಂಗಿಯರೇ, ಇವತ್ತು ಭಾಷಾಭಿಮಾನದ ಭಾಷಣ ಇಲ್ಲ. ಮಳೆಗಾಲ ಬರ್ತಾ ಉಂಟು. ಅದಕ್ಕೆ ಮೊದಲು ನಾವು ಮಾಡಬೇಕಾದ ಕೆಲಸಗಳ ಬಗ್ಗೆ ಮಾತ್ರ ಮಾತು.

ಮೊದಲು ನಮ್ಮ ನೀರು ಎಲ್ಲಿಂದ ಬರ್ತದೆ ಅಂತ ನೋಡುವ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸುಳ್ಯ ದಾಟಿ ಬಂದು ನಮ್ಮಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರ್ತದೆ. ಶಿರಿಯ, ಉಪ್ಪಳ ಹೊಳೆಗಳ ಮೂಲವೂ ದಕ್ಷಿಣ ಕನ್ನಡದ ಕಡೆಯೇ. ಅಂದರೆ ನಮ್ಮ ಅಂಗಳದಲ್ಲಿ ಬಿಸಿಲಿದ್ದರೂ ಮೇಲೆ ಜೋರು ಮಳೆ ಬಿದ್ದರೆ ರಾತ್ರಿ ತೋಟಕ್ಕೆ ನೀರು ನುಗ್ಗಬಹುದು. ಹಾಗಾಗಿ ಕಾಸರಗೋಡಿನ ಮುನ್ಸೂಚನೆ ಮಾತ್ರ ನೋಡಿದರೆ ಸಾಲದು. ದಕ್ಷಿಣ ಕನ್ನಡ, ಕೊಡಗಿಗೆ ಯಾವ ಬಣ್ಣದ ಅಲರ್ಟ್ ಉಂಟು ಅಂತಲೂ ನೋಡಬೇಕು. ನೀರಿಗೆ 1956ರ ಗಡಿ ಗೊತ್ತಿಲ್ಲ.

ಆದರೆ ಎಚ್ಚರಿಕೆಗೆ ಆ ಗಡಿ ಗೊತ್ತುಂಟು. ನಮ್ಮ ಫೋನಿಗೆ, ಟಿವಿಗೆ, ಮೈಕಿಗೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ನಮಗೆ ನಿಮಗೆ ಅದು ಅರ್ಥ ಆಗ್ತದೆ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಕಲಿತು ತೋಟದ ಬದುಕಿನಲ್ಲೇ ಇದ್ದ ಅಜ್ಜಿಗೆ ಆಗುವುದಿಲ್ಲ. ಕೆಲವು ಪದಗಳು ನಮ್ಮನ್ನೂ ತಪ್ಪುದಾರಿಗೆ ಎಳೀತವೆ. ‘ಶಕ್ತಮಾಯ ಮಳ’ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್, ಹಳದಿ ಅಲರ್ಟ್. ‘ಅತಿಶಕ್ತಮಾಯ ಮಳ’ ಅಂದರೆ 115.6ರಿಂದ 204.4, ಕಿತ್ತಳೆ. ‘ಅತಿತೀವ್ರಮಾಯ ಮಳ’ ಅಂದರೆ 204.4ಕ್ಕಿಂತ ಮೇಲೆ, ಕೆಂಪು. ಕನ್ನಡದ ಕಿವಿಗೆ ‘ಅತಿಶಕ್ತ’, ‘ಅತಿತೀವ್ರ’ ಎರಡೂ ಒಂದೇ ಹಾಗೆ ಕೇಳ್ತದೆ. ಆದರೆ ಒಂದಕ್ಕೆ ತಯಾರಾಗಿ ಕೂರಬೇಕು, ಇನ್ನೊಂದಕ್ಕೆ ಅಪಾಯದ ಜಾಗದಿಂದ ಏಳಬೇಕು. ‘ಅವಧಿ’ ಅಂದರೆ ಅಲ್ಲಿ ರಜೆ, ನಮ್ಮಲ್ಲಿ ಕಾಲದ ಲೆಕ್ಕ. ‘ಉರುಳ್‌ಪೊಟ್ಟಲ್’ ಅಂದರೆ ಗುಡ್ಡವೇ ನೀರು ಕಲ್ಲು ಮಣ್ಣಿನ ಸಮೇತ ಒಡೆದು ಬರುವುದು. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಆದದ್ದು ಅದು. ಮಲಗಿದ್ದವರಿಗೆ ಏಳಲಿಕ್ಕೂ ಹೊತ್ತು ಸಿಗಲಿಲ್ಲ. ಅಂಥ ಪದ ಒಂದು ಮನೆಗೆ ಅರ್ಥವಾಗದೆ ಹೋದರೆ ಆಗುವ ನಷ್ಟ ಭಾಷೆಯದ್ದಲ್ಲ, ಜೀವದ್ದು.

ಹಾಗಾದರೆ ನಾವು ಎಂತ ಮಾಡಬೇಕು?

ಒಂದು, ಪ್ರತಿ ವಾರ್ಡಿಗೆ ಇಬ್ಬರು ನಿಲ್ಲಿ. ಎಚ್ಚರಿಕೆ ಬಂದ ಕೂಡಲೇ ಅದನ್ನು ಕನ್ನಡದಲ್ಲಿ ನಾಲ್ಕೇ ಸಾಲು ಬರೆದು ವಾಟ್ಸಾಪಿಗೆ ಹಾಕಿ: ಯಾವ ಜಿಲ್ಲೆ, ಯಾವ ದಿನ, ಯಾವ ಬಣ್ಣ, ಏನು ಮಾಡಬೇಕು. ಓದಲು ಬಾರದವರಿಗೆ ಅದನ್ನೇ ಧ್ವನಿ ಮುದ್ರಿಸಿ ಕಳಿಸಿ. ಯಾರು ಕೊಟ್ಟ ಎಚ್ಚರಿಕೆ, ಎಷ್ಟು ಗಂಟೆಯದ್ದು ಅಂತ ಹಾಕದೆ ಏನನ್ನೂ ಕಳಿಸಬೇಡಿ. ಹಳೇ ವರ್ಷದ ನೆರೆ ವಿಡಿಯೊ ಫಾರ್ವರ್ಡ್ ಮಾಡುವವರಿಗೆ ಬೈಯ್ಯುವ ಬದಲು ಸರಿಯಾದ್ದನ್ನು ಅವರಿಗಿಂತ ಮೊದಲು ಕಳಿಸಿ. ಫೋನ್ ಇಲ್ಲದ ಮನೆ, ಹಾಸಿಗೆ ಹಿಡಿದವರಿರುವ ಮನೆ, ಗುಡ್ಡ ಕಡಿದ ಬುಡದಲ್ಲಿರುವ ಮನೆ, ಇವುಗಳ ಪಟ್ಟಿ ಈಗಲೇ ಮಾಡಿ. ಅಲ್ಲಿಗೆ ಮೆಸೇಜ್ ಅಲ್ಲ, ಮನುಷ್ಯನೇ ಹೋಗಬೇಕು.

ಎರಡು, ನಂಬರುಗಳು. ಜಿಲ್ಲಾ ತುರ್ತು ಕೇಂದ್ರ 1077, ವಿದ್ಯುತ್ ದೂರು 1912, ಎಲ್ಲ ತುರ್ತಿಗೂ 112. ಗಡಿಯಲ್ಲಿ ನಮ್ಮ ಫೋನು ಎಷ್ಟೋ ಸಲ ಆಚೆ ರಾಜ್ಯದ ಟವರ್ ಹಿಡೀತದೆ. ಅದಕ್ಕೆ 1077ರ ಮೊದಲು ಕಾಸರಗೋಡಿನ ಕೋಡ್ 04994 ಸೇರಿಸಿ ಸೇವ್ ಮಾಡಿಕೊಳ್ಳಿ.

ಮೂರು, ಸಿಡಿಲು. ನಮ್ಮಲ್ಲಿ ಅದರ ಕಾಟ ಹೆಚ್ಚು ಮುಂಗಾರಿಗೆ ಮೊದಲು ಏಪ್ರಿಲ್–ಮೇಯಲ್ಲಿ, ಮತ್ತೆ ತುಲಾ ಮಳೆಯ ಅಕ್ಟೋಬರ್–ನವೆಂಬರಿನಲ್ಲಿ. ಮಧ್ಯಾಹ್ನ 2ರಿಂದ ರಾತ್ರಿ 10ರ ಒಳಗೆ. ಅಂಗಳದ ಅಡಿಕೆ ರಾಶಿ ಮಾಡುವ ಹೊತ್ತೂ ಅದೇ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಅಡಿಕೆ ಒದ್ದೆಯಾದರೆ ಮತ್ತೆ ಒಣಗಿಸಬಹುದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, ಉಸಿರಿಲ್ಲದಿದ್ದರೆ ಎದೆ ಒತ್ತುತ್ತಾ ಇರಿ, ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಮತ್ತೊಂದು ಮಾತು: ಮದ್ದು ಬಿಡಲಿಕ್ಕೆ ತಂದ ಕಾರ್ಬನ್ ಫೈಬರಿನ ದೋಟಿಯಲ್ಲೂ ಕರೆಂಟು ಹರೀತದೆ. ಲೈನಿನ ಹತ್ತಿರ ಅದನ್ನು ಎತ್ತಲೇಬೇಡಿ.

ನಾಲ್ಕು, ನೀರು. ರಭಸದಲ್ಲಿ ಹರಿಯುವ ಅರ್ಧ ಅಡಿ ನೀರು ಆಳನ್ನು ಬೀಳಿಸ್ತದೆ, ಎರಡು ಅಡಿ ನೀರು ಕಾರನ್ನೇ ತೇಲಿಸ್ತದೆ. ಸಂಕದ ಮೇಲೆ ನೀರು ಹತ್ತಿದ ಮೇಲೆ ‘ದಿನಾ ಹೋಗುವ ದಾರಿಯಲ್ವಾ’ ಅನ್ನುವ ಲೆಕ್ಕ ನಡೆಯುವುದಿಲ್ಲ. ನೀರು ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಹಾಕಿಸಿ, ಕುದಿಸಿ ಕುಡಿಯಿರಿ. ಕೆಸರಿನ ಕೆಲಸಕ್ಕೆ ಇಳಿಯುವವರು ಇಲಿಜ್ವರದ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ.

ಐದನೆಯದ್ದು ನಮ್ಮ ಕೌಂಟರಿನ ಕಡೆಯದ್ದು. ಬ್ಯಾಂಕಿನಲ್ಲಿ ಕೂತ ನಮಗೆ ಮಳೆಗಾಲ ಕಾಣುವುದು ಬೇರೆ ರೀತಿಯಲ್ಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಉಂಟು. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಪ್ರಕೃತಿ ವಿಕೋಪದ ಸಾವೂ ಇದರಲ್ಲಿ ಬರ್ತದೆ. ಇದರ ವರ್ಷ ಜೂನ್ 1ಕ್ಕೆ ಶುರು. ಹಣ ಕಡಿತ ಆಗುವ ಮೇ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ, ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ ವಿಮೆ ನಿಂತು ಹೋಗ್ತದೆ. ಅಪ್ಪ ಅಮ್ಮನ ಪಾಸ್‌ಬುಕ್ ಈ ವಾರವೇ ನೋಡಿ. ನೀರಿನಲ್ಲಿ ಮುಳುಗಿ ಸಾವಾದರೆ ಪೊಲೀಸರಿಗೆ ತಿಳಿಸಿದ ದಾಖಲೆ ಬೇಕು, ಮರದಿಂದ ಬಿದ್ದದ್ದಾದರೆ ಆಸ್ಪತ್ರೆಯ ದಾಖಲೆ ಬೇಕು. ದುಃಖದಲ್ಲಿ ಇದೆಲ್ಲ ಯಾರಿಗೂ ನೆನಪಾಗುವುದಿಲ್ಲ, ಪಕ್ಕದಲ್ಲಿ ನಿಂತವರು ನೆನಪು ಮಾಡಬೇಕು.

ಇದಕ್ಕಿಂತ ದೊಡ್ಡ ತೊಡಕು ಹೆಸರಿನದ್ದು. ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದ ‘ಐತಪ್ಪ’, ರೇಷನ್ ಕಾರ್ಡಿನಲ್ಲಿ ಮಲಯಾಳದ ‘ಅಯಿತ್ತಪ್ಪ’, ಇಂಗ್ಲಿಷಿಗೆ ಬರುವಾಗ ‘ಇತ್ತಪ್ಪ’. ಬದುಕಿದ್ದಾಗ ಮೂವರೂ ಒಬ್ಬನೇ. ಸತ್ತ ಮೇಲೆ ಕಾಗದದಲ್ಲಿ ಮೂರು ಜನ ಆಗ್ತಾರೆ. ಪರಿಹಾರಕ್ಕೆ, ವಿಮೆಗೆ ಅಲೆಯುವುದು ಆಗ ಅವನ ಹೆಂಡತಿ. ಇದು ಗಡಿನಾಡಿನ ಕನ್ನಡಿಗನಿಗೆ ಮಾತ್ರ ಬೀಳುವ ತೆರಿಗೆ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ಅಕ್ಷಯ ಕೇಂದ್ರದಲ್ಲಿ ಈಗಲೇ ಸರಿ ಮಾಡಿಸಿ. ಖಾತೆಗೆ ನಾಮಿನಿ ಹಾಕಿಸಿ. ಜಾಗದ ಕಾಗದ, ಪಾಸ್‌ಬುಕ್ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ, ಫೋಟೊ ತೆಗೆದು ದೂರದ ನೆಂಟರೊಬ್ಬರಿಗೂ ಕಳಿಸಿಡಿ.

ಕೊನೆಗೆ ಹಕ್ಕಿನ ಮಾತು. ಕೇರಳದ ಭಾಷಾ ಕಾನೂನಿನಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು ಅಂತ ಉಂಟು. ಹಾಗಾಗಿ ‘ನಮ್ಮ ವಾರ್ಡಿನಲ್ಲಿ ಮಳೆ ಎಚ್ಚರಿಕೆ, ಶಿಬಿರದ ಸೂಚನೆ ಕನ್ನಡದಲ್ಲೂ ಕೊಡಿ’ ಅಂತ ಪಂಚಾಯತಿಗೆ, ವಿಲೇಜ್ ಆಫೀಸಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ, ರಶೀದಿ ಪಡೆಯಿರಿ. ಇದು ಮಲಯಾಳದ ಮೇಲಿನ ಜಗಳ ಅಲ್ಲ. ನೆರೆ ಬಂದಾಗ ದೋಣಿ ತರುವ ಮೀನುಗಾರನೂ ಪಕ್ಕದ ಮನೆಯ ಮಲಯಾಳಿಯೂ ನಮ್ಮವರೇ. ನಾವು ಬರೆದ ಕನ್ನಡದ ನಾಲ್ಕು ಸಾಲಿನಿಂದ ಅವರಿಗೂ ಕೆಲಸ ಹಗುರ ಆಗ್ತದೆ.

ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಎಚ್ಚರಿಕೆ ಬರುವುದು ಮರಾಠಿಯಲ್ಲಿ, ಆದೋನಿಯವರಿಗೆ ತೆಲುಗಿನಲ್ಲಿ, ತಾಳವಾಡಿಯವರಿಗೆ ತಮಿಳಿನಲ್ಲಿ. ಈ ಪುಟ ಓದುವ ಆ ಕಡೆಯ ಗೆಳೆಯರು ನಿಮ್ಮ ಕಡೆಯ ಎಚ್ಚರಿಕೆಯ ಪದಗಳನ್ನು ಕನ್ನಡದ ಅರ್ಥದ ಜೊತೆ ಕೆಳಗೆ ಬರೆಯಿರಿ. ಇಲ್ಲಿ ಬಂದವರು ವಾರ್ಡಿನ ಹೆಸರು, ಇಬ್ಬರ ಹೆಸರು ಕೊಟ್ಟೇ ಹೊರಡಿ. ಪಟ್ಟಿ ಬಾಗಿಲ ಹತ್ತಿರದ ಮೇಜಿನ ಮೇಲೆ ಉಂಟು.